ಮಹಾನಗರದ ನೀರುಗಂಟಿಗಳು: ಬೆಂಗಳೂರು ಜಲಮಂಡಳಿಯ ಕಥೆ ಮತ್ತು ನಮ್ಮೂರ ಕೆರೆ

ನಮ್ಮ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಇತಿಹಾಸದ ಬಗ್ಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಕೋಲಾರ ಸೀಮೆಯ ಇತಿಹಾಸವೆಂದರೆ ಗಂಗರು, ಕೋಲಾರಮ್ಮನ ಗುಡಿ, ಚಿನ್ನದ ಗಣಿ ಎಂದು ಎಲ್ಲರೂ ಬಲ್ಲರು. ಇತಿಹಾಸ ಪಾಠ ಮಾಡಿ ನಿವೃತ್ತನಾದ ನಾನೂ ಅವುಗಳನ್ನೇ ವರ್ಷ ವರ್ಷ ಹೇಳಿದವನು. ಈ ಸಲ ಬೇರೆ ವಿಷಯ ಆರಿಸಿಕೊಂಡಿದ್ದೇನೆ. ಅದು ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಕಥೆ. ಜನ ಅದನ್ನು 'ಜಲಮಂಡಳಿ' ಎನ್ನುತ್ತಾರೆ.

ಬೆಂಗಳೂರಿನ ಕಚೇರಿಯೊಂದರ ಚರಿತ್ರೆ ನಮ್ಮ ಹಳ್ಳಿಯ ಶಾಲೆಯ ಪುಸ್ತಕದಲ್ಲಿ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಉತ್ತರ ಶಾಲೆಯ ಹಿಂದೆಯೇ ಇದೆ. ನಮ್ಮೂರ ಕೆರೆಯಲ್ಲಿ ಈಗ ನಿಂತಿರುವುದು ಮಳೆ ನೀರಷ್ಟೇ ಅಲ್ಲ. ಬೆಂಗಳೂರಿನ ಮನೆಗಳಲ್ಲಿ ಬಳಸಿ, ಒಳಚರಂಡಿಗೆ ಬಿಟ್ಟು, ಶುದ್ಧೀಕರಿಸಿ, ಕೊಳವೆಯಲ್ಲಿ ಕಳಿಸಿದ ಕೆ.ಸಿ. ವ್ಯಾಲಿ ನೀರು ಅದರಲ್ಲಿದೆ. ಆ ಮಂಡಳಿಯನ್ನು ಯಾರು ನಡೆಸುತ್ತಾರೆ, ಹೇಗೆ ನಡೆಸುತ್ತಾರೆ ಎಂಬುದು ನಮ್ಮ ಬಾವಿಯ ನೀರಿನ ಪ್ರಶ್ನೆಯೂ ಆಗಿದೆ.

ನೀರುಗಂಟಿಯ ಕೆಲಸ

ನಮ್ಮ ಕಡೆ ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದ. ಇಂದಿನ ಮಕ್ಕಳಿಗೆ ಈ ಮಾತೇ ಗೊತ್ತಿಲ್ಲ. ತೂಬು ಎತ್ತುವವನು, ಇಳಿಸುವವನು ಅವನು. ಮಳೆಗಾಲದಲ್ಲಿ ಕೋಡಿಯ ಮೇಲೆ ಕಣ್ಣಿಡುವವನು, ಏರಿಯಲ್ಲಿ ಬಿಲ ಬಿದ್ದರೆ ಊರಿಗೆ ಕೂಗಿ ಹೇಳುವವನು, ಅಚ್ಚುಕಟ್ಟಿನ ಕೊನೆಯ ಗದ್ದೆಯವರೆಗೂ ನೀರು ಹರಿಯಿತೇ ಎಂದು ರಾತ್ರಿಯೆಲ್ಲ ಕಾಲುವೆಗುಂಟ ನಡೆಯುವವನು ಅವನೇ. ಅವನ ಹೆಸರು ಶಾಸನದಲ್ಲಿ ಬರುವುದು ಅಪರೂಪ. ಕೆರೆ ಕಟ್ಟಿಸಿದ ದೊರೆಯ ಹೆಸರು ಕಲ್ಲಿನ ಮೇಲಿದೆ. ಆದರೆ ನೀರುಗಂಟಿ ಇಲ್ಲದ ಕೆರೆ ಎರಡು ಮಳೆಗಾಲ ಬಾಳುತ್ತಿರಲಿಲ್ಲ.

ಅವನ ಕೆಲಸದಲ್ಲಿ ಮೂರು ಅಂಶಗಳಿದ್ದವು. ನೀರು ಎಷ್ಟಿದೆ ಎಂಬ ಲೆಕ್ಕ, ಹಂಚಿಕೆಯಲ್ಲಿ ನ್ಯಾಯ, ಏರಿ-ತೂಬುಗಳ ದುರಸ್ತಿ. ಒಂದು ಮಹಾನಗರದ ನೀರಿನ ಸಂಸ್ಥೆಯ ಮುಖ್ಯಸ್ಥನ ಕೆಲಸದಲ್ಲೂ ಮೂಲತಃ ಇವೇ ಮೂರು ಅಂಶಗಳಿವೆ. ಒಂದು ಹೆಚ್ಚುವರಿ ಹೊರೆಯೂ ಇದೆ. ಊರ ನೀರುಗಂಟಿ ಗದ್ದೆಗೆ ಬಿಟ್ಟ ನೀರು ಭೂಮಿಗೆ ಸೇರಿಹೋಗುತ್ತಿತ್ತು. ನಗರದಲ್ಲಿ ಕೊಟ್ಟ ನೀರಿನ ಬಹುಪಾಲು ಕೊಳಚೆಯಾಗಿ ಮತ್ತೆ ಅದೇ ಮುಖ್ಯಸ್ಥನ ಕೈಗೆ ಬರುತ್ತದೆ. ಕೊಟ್ಟವನೇ ಅದನ್ನು ವಾಪಸು ತೆಗೆದುಕೊಳ್ಳಬೇಕು, ತೊಳೆಯಬೇಕು, ಎಲ್ಲಿಗೋ ಕಳಿಸಬೇಕು.

ಹೆಸರಘಟ್ಟದಿಂದ ತಿಪ್ಪಗೊಂಡನಹಳ್ಳಿಗೆ

ಹತ್ತೊಂಬತ್ತನೇ ಶತಮಾನದ ಬೆಂಗಳೂರು ನಮ್ಮ ಸೀಮೆಯ ಊರುಗಳಂತೆಯೇ ಕೆರೆ, ಕಲ್ಯಾಣಿ, ಬಾವಿಗಳನ್ನು ನಂಬಿದ್ದ ಊರು. ಧರ್ಮಾಂಬುಧಿ ಕೆರೆ, ಸಂಪಂಗಿ ಕೆರೆ, ಹಲಸೂರು ಕೆರೆಗಳು ಪೇಟೆಗೂ ದಂಡಿಗೂ ನೀರು ಕೊಡುತ್ತಿದ್ದವು. ಧರ್ಮಾಂಬುಧಿ ಇದ್ದ ಜಾಗದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. 1876-78ರ ಮಹಾಕ್ಷಾಮ ಮೈಸೂರು ಸಂಸ್ಥಾನವನ್ನು ಅಲ್ಲಾಡಿಸಿದ ಮೇಲೆ, ಮಳೆ ತಪ್ಪಿದರೆ ನಗರದ ಗತಿ ಏನು ಎಂಬ ಚಿಂತೆ ಆಳುವವರಿಗೆ ಹತ್ತಿತು. 1882ರಲ್ಲಿ ಸ್ಯಾಂಕಿ ಕೆರೆ ಕಟ್ಟಿದ್ದು ಆ ಚಿಂತೆಯ ಫಲ.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿ ನದಿಯ ಹೆಸರಘಟ್ಟ ಕೆರೆಯಿಂದ ನೀರು ತರುವ ಯೋಜನೆ ರೂಪುಗೊಂಡಿತು. ನೀರು ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ಹರಿದುಬಂದು, ಅಲ್ಲಿಂದ ಹಬೆಯಂತ್ರಗಳ ಬಲದಿಂದ ಮೇಲೇರಿ ನಗರಕ್ಕೆ ಬರುತ್ತಿತ್ತು. 1896ರಲ್ಲಿ ಬೆಂಗಳೂರಿನ ನಲ್ಲಿಗಳಲ್ಲಿ ಹೆಸರಘಟ್ಟದ ನೀರು ಕಾಣಿಸಿತು. 1894ರಲ್ಲಿ ತೀರಿಕೊಂಡಿದ್ದ ಮಹಾರಾಜ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ಅದು ಚಾಮರಾಜೇಂದ್ರ ವಾಟರ್ ವರ್ಕ್ಸ್ ಆಯಿತು.

ನೀರು ಬಂದಷ್ಟು ಬೇಗ ಚರಂಡಿ ಬರಲಿಲ್ಲ. ಎರಡೇ ವರ್ಷದಲ್ಲಿ, 1898ರಲ್ಲಿ, ಪ್ಲೇಗು ಬಂತು. ಇಕ್ಕಟ್ಟಾದ ಪೇಟೆ ಬೀದಿಗಳಲ್ಲಿ ಜನ ಸತ್ತರು, ಊರು ಬಿಟ್ಟು ಓಡಿದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಕಾಲದಲ್ಲಿ. ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳನ್ನು ಬಿಟ್ಟರು. ಆ ಗಲ್ಲಿಗಳಲ್ಲಿ ಮಲ ಹೊತ್ತವರು ಯಾವ ಜಾತಿಯವರು ಎಂಬುದನ್ನು ಇತಿಹಾಸದ ಪುಸ್ತಕಗಳು ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತು. ನೆಲದಡಿಯ ಚರಂಡಿಯ ಕೆಲಸ ಶುರುವಾದದ್ದು ಇಪ್ಪತ್ತನೇ ಶತಮಾನದ ಇಪ್ಪತ್ತರ ದಶಕದಲ್ಲಿ. ಮೊದಲು ನೀರು, ಬಹಳ ಹಿಂದಿನಿಂದ ಒಳಚರಂಡಿ ಎಂಬ ಈ ಕ್ರಮ ಬೆಂಗಳೂರನ್ನು ಇವತ್ತಿಗೂ ಬಿಟ್ಟಿಲ್ಲ.

ಹೆಸರಘಟ್ಟ ಮೂವತ್ತು ವರ್ಷ ಕಾಪಾಡಿತು. 1925ರ ಹೊತ್ತಿಗೆ ಮಳೆ ಕೈಕೊಟ್ಟು ಕೆರೆ ಒಣಗಿತು. ಆಗ ಸರ್ ಎಂ. ವಿಶ್ವೇಶ್ವರಯ್ಯನವರ ನೇತೃತ್ವದ ಸಮಿತಿ ಅರ್ಕಾವತಿ ಮತ್ತು ಕುಮುದ್ವತಿ ನದಿಗಳು ಕೂಡುವ ತಿಪ್ಪಗೊಂಡನಹಳ್ಳಿಯನ್ನು ತೋರಿಸಿತು. 1933ರಲ್ಲಿ ಅಲ್ಲಿ ಚಾಮರಾಜಸಾಗರ ಸಿದ್ಧವಾಯಿತು. ನಮ್ಮ ಅವಿಭಜಿತ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರನ್ನು ನಾವು ಕನ್ನಂಬಾಡಿ ಕಟ್ಟೆಯ ಮೂಲಕ ಮಾತ್ರ ನೆನೆಯುತ್ತೇವೆ. ಅವರ ಬದುಕಿನ ಒಂದು ಮುಖ್ಯ ಭಾಗ ನಲ್ಲಿ ನೀರು ಮತ್ತು ಚರಂಡಿಗಳಲ್ಲಿ ಕಳೆಯಿತು. ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ನೀರು, ಏಡನ್ ಬಂದರಿಗೆ ನೀರು-ಚರಂಡಿ ಯೋಜನೆ, 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ಒಳಚರಂಡಿ ಯೋಜನೆ, ಇವೆಲ್ಲ ಅವರ ಕೆಲಸ. ಚರಂಡಿ ಕೀಳು ಕೆಲಸ ಎಂದು ಅವರು ಭಾವಿಸಿದ್ದರೆ ಅಷ್ಟು ಊರುಗಳ ಜನ ರೋಗದಿಂದ ಪಾರಾಗುತ್ತಿರಲಿಲ್ಲ.

ಮಂಡಳಿ ಹುಟ್ಟಿತು, ಕಾವೇರಿ ಬಂದಳು

1941ರಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 4 ಲಕ್ಷ, 1951ರಲ್ಲಿ ಸುಮಾರು 7.8 ಲಕ್ಷ. ಹಿಂದೂಸ್ತಾನ್ ವಿಮಾನ ಕಾರ್ಖಾನೆ, ಟೆಲಿಫೋನ್ ಕಾರ್ಖಾನೆ, ಎಚ್‌ಎಂಟಿ, ಬಿಇಎಲ್ ಒಂದರ ಹಿಂದೊಂದು ಬಂದವು. ನಮ್ಮ ತಾಲ್ಲೂಕಿನಿಂದಲೂ ಎಷ್ಟೋ ಹುಡುಗರು ಆ ಕಾರ್ಖಾನೆಗಳಿಗೆ ಹೋದರು. ಅರ್ಕಾವತಿಯಂಥ ಸಣ್ಣ ನದಿ ಆ ಭಾರ ಹೊರಲಾರದಾಯಿತು.

1964ರಲ್ಲಿ ಶಾಸಕಾಂಗ ಪ್ರತ್ಯೇಕ ಕಾಯ್ದೆ ಮಾಡಿ ಜಲಮಂಡಳಿಯನ್ನು ಸ್ಥಾಪಿಸಿತು. ಅದಕ್ಕೆ ಎರಡು ಹೊಣೆ: ನಗರಕ್ಕೆ ನೀರು ಕೊಡುವುದು, ನಗರದ ಕೊಳಚೆಯನ್ನು ವಿಲೇವಾರಿ ಮಾಡುವುದು. ಎರಡನ್ನೂ ಒಂದೇ ಸಂಸ್ಥೆಗೆ ಕೊಟ್ಟದ್ದು ದೊಡ್ಡ ನಿರ್ಧಾರ. ನೀರು ಒಬ್ಬರ ಕೈಯಲ್ಲಿ, ಚರಂಡಿ ಇನ್ನೊಬ್ಬರ ಕೈಯಲ್ಲಿ ಇದ್ದರೆ ಒಬ್ಬರು ಹೊಗಳಿಸಿಕೊಳ್ಳುತ್ತಾರೆ, ಇನ್ನೊಬ್ಬರು ಬೈಸಿಕೊಳ್ಳುತ್ತಾರೆ. ಇಬ್ಬರ ಲೆಕ್ಕವೂ ಕೂಡುವುದಿಲ್ಲ. ಮಂಡಳಿಯ ಅಧ್ಯಕ್ಷರನ್ನು ರಾಜ್ಯ ಸರ್ಕಾರ ನೇಮಿಸುತ್ತದೆ. ಸಾಮಾನ್ಯವಾಗಿ ಆ ಸ್ಥಾನಕ್ಕೆ ಬರುವವರು ಐಎಎಸ್ ಅಧಿಕಾರಿಗಳು. ಅವರ ಕೆಳಗೆ ಮುಖ್ಯ ಎಂಜಿನಿಯರರಿಂದ ಹಿಡಿದು ವಾಲ್ವ್ ತಿರುಗಿಸುವ ನೌಕರನವರೆಗೆ ದೊಡ್ಡ ಪಡೆಯೇ ಇದೆ. ಕೇಂದ್ರ ಕಚೇರಿ ಕೆಂಪೇಗೌಡ ರಸ್ತೆಯ ಕಾವೇರಿ ಭವನ.

ಮಂಡಳಿಯ ಮೊದಲ ದೊಡ್ಡ ಕೆಲಸ ಕಾವೇರಿಯನ್ನು ತರುವುದು. 1974ರಲ್ಲಿ ಮೊದಲ ಹಂತ ಮುಗಿದು ದಿನಕ್ಕೆ 13.5 ಕೋಟಿ ಲೀಟರ್ ನೀರು ಬಂತು. ನಮ್ಮ ಶಾಲೆಯೂ ಬೆಂಗಳೂರಿನ ಕಾವೇರಿ ನೀರೂ ಹೆಚ್ಚು ಕಡಿಮೆ ಒಂದೇ ವಯಸ್ಸಿನವು. 1982ರಲ್ಲಿ ಎರಡನೇ ಹಂತ ಇನ್ನೊಂದು 13.5 ಕೋಟಿ ಲೀಟರ್ ಸೇರಿಸಿತು. 1993ರಲ್ಲಿ ಮೂರನೇ ಹಂತ, 2002ರಲ್ಲಿ ನಾಲ್ಕನೇ ಹಂತದ ಮೊದಲ ಘಟ್ಟ, 2012ರಲ್ಲಿ ಎರಡನೇ ಘಟ್ಟದ 50 ಕೋಟಿ ಲೀಟರ್ ಬಂದವು. 2024ರ ಅಕ್ಟೋಬರ್‌ನಲ್ಲಿ ಜಪಾನಿನ ಜೈಕಾ ಸಂಸ್ಥೆಯ ಸಾಲದ ನೆರವಿನ ಐದನೇ ಹಂತ ಉದ್ಘಾಟನೆಯಾಯಿತು. ಅದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್.

ಈ ನೀರು ಬರುವ ದಾರಿಯನ್ನು ಮಕ್ಕಳು ನಕ್ಷೆಯಲ್ಲಿ ಗುರುತಿಸಬೇಕು. ಶಿವನಸಮುದ್ರದ ಬಳಿಯ ಶಿವ ಅಣೆಕಟ್ಟೆಯಿಂದ ನೀರು ಕಾಲುವೆಗೆ ಇಳಿಯುತ್ತದೆ. ನೆಟ್ಕಲ್ ಜಲಾಶಯದ ಮೂಲಕ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ ಬಂದು ಶುದ್ಧವಾಗುತ್ತದೆ. ಅಲ್ಲಿಂದ ಹಾರೋಹಳ್ಳಿ, ಅಲ್ಲಿಂದ ತಾತಗುಣಿ, ಹೀಗೆ ಮೂರು ಕಡೆ ಪಂಪು ಹೊಡೆದು ಬೆಂಗಳೂರಿಗೆ ಏರಿಸಬೇಕು. ದೂರ ಸುಮಾರು 100 ಕಿಲೋಮೀಟರ್, ಎತ್ತರ ಸುಮಾರು 500 ಮೀಟರ್. ಒಂದು ಕೊಡ ನೀರನ್ನು ಅಂತರಗಂಗೆ ಬೆಟ್ಟಕ್ಕೆ ಹೊತ್ತು ನೋಡಿದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಮಂಡಳಿಯ ಖರ್ಚಿನಲ್ಲಿ ಎಲ್ಲಕ್ಕಿಂತ ದೊಡ್ಡ ಭಾಗ ವಿದ್ಯುತ್ ಬಿಲ್ಲಿಗೆ ಹೋಗುವುದು ಇದರಿಂದಲೇ.

ಇಲ್ಲಿ ನಮ್ಮ ಜಿಲ್ಲೆಗೆ ಒಂದು ಹಳೆಯ ನಂಟಿದೆ. ಇದೇ ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ ಹೊರಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕೋಲಾರ ಚಿನ್ನದ ಗಣಿಗೆ ಬಂತು. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಆ ಯೋಜನೆಯ ಹಿಂದೆಯೂ ಇದ್ದವರು ಶೇಷಾದ್ರಿ ಅಯ್ಯರ್. ಅಂದು ಕಾವೇರಿಯ ಶಕ್ತಿ ಗಣಿಗೆ ಬಂತು, ಬೆಳಕು ಗಣಿಯವರಿಗೆ ಸಿಕ್ಕಿತು. ನೂರು ಚಿಲ್ಲರೆ ವರ್ಷದ ನಂತರ ಕಾವೇರಿಯ ನೀರೇ ನಮ್ಮ ಹಳ್ಳಿಗಳಿಗೆ ಬಂದಿದೆ, ಬೆಂಗಳೂರಿನವರು ಒಂದು ಸಲ ಬಳಸಿದ ಮೇಲೆ.

ಅಧ್ಯಕ್ಷರ ಕುರ್ಚಿ

ಈ ಮಂಡಳಿಯನ್ನು ನಡೆಸುವುದು ಯಾಕೆ ಕಷ್ಟ? ಮೊದಲನೆಯದು ಹಣ. ನೀರಿನ ದರ ಬದಲಿಸಲು ಸರ್ಕಾರದ ಒಪ್ಪಿಗೆ ಬೇಕು. ಯಾವ ಸರ್ಕಾರಕ್ಕೂ ಚುನಾವಣೆಯ ಮುಂದೆ ದರ ಏರಿಸುವ ಮನಸ್ಸಿರುವುದಿಲ್ಲ. 2014ರಲ್ಲಿ ಗೊತ್ತುಮಾಡಿದ ದರ 2025ರವರೆಗೆ ಹಾಗೇ ನಡೆಯಿತು. ಮನೆಗಳಿಗೆ ಮೊದಲ 8 ಸಾವಿರ ಲೀಟರ್‌ವರೆಗೆ ಸಾವಿರ ಲೀಟರ್‌ಗೆ 7 ರೂಪಾಯಿ. ಆ ಹತ್ತು ವರ್ಷದಲ್ಲಿ ವಿದ್ಯುತ್ತಿನ ದರ ಏರಿತು, ಸಂಬಳ ಏರಿತು, ಸಾಲದ ಕಂತು ಬಂತು. ಹಣವಿಲ್ಲದಾಗ ಮೊದಲು ನಿಲ್ಲುವುದು ಕಣ್ಣಿಗೆ ಕಾಣದ ದುರಸ್ತಿ ಕೆಲಸ. ಹಳೆಯ ಕೊಳವೆ ಬದಲಿಸುವುದು, ಚರಂಡಿಯ ಹೂಳು ತೆಗೆಯುವುದು ಮುಂದಿನ ವರ್ಷಕ್ಕೆ ಹೋಗುತ್ತವೆ.

ಎರಡನೆಯದು ಸೋರಿಕೆ. ನೂರು ಕಿಲೋಮೀಟರ್ ದೂರದಿಂದ ಏರಿಸಿ ತಂದ ನೀರಿನಲ್ಲಿ ಮೂರರಲ್ಲಿ ಒಂದು ಪಾಲಿಗೂ ಮಿಕ್ಕಿ ಬಹುಕಾಲ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಕೆಲವು ಕೊಳವೆ ಒಡೆದು ಮಣ್ಣಿಗೆ, ಕೆಲವು ಕಳ್ಳ ಸಂಪರ್ಕಕ್ಕೆ, ಕೆಲವು ಕೆಟ್ಟ ಮೀಟರಿಗೆ. ಏರಿಯಲ್ಲಿ ಬಿಲವಿದ್ದರೆ ಕೆರೆಗೆ ಎಷ್ಟು ನೀರು ಬಂದರೇನು?

ಮೂರನೆಯದು ಬೆಳವಣಿಗೆ. 2007ರಲ್ಲಿ ಬಿಬಿಎಂಪಿ ಆದಾಗ ಸುತ್ತಲಿನ 110 ಹಳ್ಳಿಗಳು ನಗರಕ್ಕೆ ಸೇರಿದವು. ಅಲ್ಲಿ ಮನೆ ಮೊದಲು ಬಂದವು, ಕೊಳವೆ ಆಮೇಲೆ. 2011ರ ಜನಗಣತಿಯಲ್ಲಿ ನಗರದ ಜನ 84 ಲಕ್ಷ ದಾಟಿದ್ದರು. 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದಾಗ ಹೆಚ್ಚು ಬವಣೆಪಟ್ಟವರು ಈ ಹೊರವಲಯದವರು. ಆಗ ಮಂಡಳಿ ಕಾವೇರಿ ನೀರಿನಲ್ಲಿ ಕಾರು ತೊಳೆದರೆ 5 ಸಾವಿರ ರೂಪಾಯಿ ದಂಡ ಎಂದಿತು, ದೊಡ್ಡ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತು, ಒಣಗಿದ ಕೆರೆಗಳಿಗೆ ಶುದ್ಧೀಕರಿಸಿದ ನೀರು ತುಂಬಿಸಿತು. 2009ರಲ್ಲಿ ಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಲಾಯಿತು. ಕಡ್ಡಾಯ ಮಾಡಿದ್ದನ್ನು ಮನೆಮನೆಗೆ ಮುಟ್ಟಿಸುವುದು ಬೇರೆ ಕೆಲಸ.

ನಾಲ್ಕನೆಯದು ಕಾಲ. ಇಷ್ಟು ದೊಡ್ಡ ಸಂಸ್ಥೆಯ ಅಧ್ಯಕ್ಷರು ವರ್ಷ ಎರಡು ವರ್ಷಕ್ಕೆ ವರ್ಗವಾಗುವುದು ನಮ್ಮಲ್ಲಿ ಮಾಮೂಲು. ಕೊಳವೆಯ ಆಯುಸ್ಸು ಐವತ್ತು ವರ್ಷ, ಅದನ್ನು ನೋಡಿಕೊಳ್ಳುವವರ ಅವಧಿ ಎರಡು ವರ್ಷ. ಶಾಲೆಯಲ್ಲೂ ನಾವು ಇದನ್ನು ಕಂಡಿದ್ದೇವೆ. ಮುಖ್ಯೋಪಾಧ್ಯಾಯರು ಐದಾರು ವರ್ಷ ನಿಂತ ಕಾಲದಲ್ಲಿ ಶಾಲೆ ಬೆಳೆಯಿತು, ವರ್ಷಕ್ಕೊಬ್ಬರು ಬಂದಾಗ ಗಂಟೆ ಹೊಡೆಯುವುದಷ್ಟೇ ನಡೆಯಿತು.

ಒಬ್ಬರೇ ದೀರ್ಘಕಾಲ ನಿಂತರೆ ಏನಾಗಬಹುದು ಎಂಬುದಕ್ಕೆ ಕಾಂಬೋಡಿಯಾ ದೇಶದ ರಾಜಧಾನಿ ನೋಮ್ ಪೆನ್ ಉದಾಹರಣೆ. ಖ್ಮೇರ್ ರೂಜ್ ಆಡಳಿತ 1975ರಲ್ಲಿ ಆ ನಗರವನ್ನೇ ಖಾಲಿ ಮಾಡಿಸಿತ್ತು. 1993ರಲ್ಲಿ ಎಕ್ ಸೋನ್ ಚಾನ್ ಎಂಬ ಎಂಜಿನಿಯರ್ ಅಲ್ಲಿನ ನೀರು ಸರಬರಾಜು ಪ್ರಾಧಿಕಾರದ ಮುಖ್ಯಸ್ಥರಾದಾಗ ಸರಬರಾಜಾದ ನೀರಿನಲ್ಲಿ ಶೇ 72ರಷ್ಟು ಸೋರಿಕೆ, ಕಳವಿಗೆ ಹೋಗುತ್ತಿತ್ತು. ಅವರು ಮನೆಮನೆಗೆ ಮೀಟರ್ ಹಾಕಿಸಿದರು. ಗ್ರಾಹಕರ ಪಟ್ಟಿಯನ್ನು ಹೊಸದಾಗಿ ಮಾಡಿಸಿದರು. ಪ್ರಾಮಾಣಿಕ ನೌಕರರಿಗೆ ಬಹುಮಾನ, ಕಳ್ಳರಿಗೆ ಶಿಕ್ಷೆ ಎಂಬ ನಿಯಮ ತಂದರು. ಸರ್ಕಾರಿ ಕಚೇರಿ, ಸೈನ್ಯ ಎನ್ನದೆ ಎಲ್ಲರಿಂದಲೂ ಬಿಲ್ಲು ವಸೂಲಿ ಮಾಡಿದರು. ಬಿಲ್ಲು ಕಟ್ಟದ ಸೇನಾಧಿಕಾರಿಯೊಬ್ಬರ ಮನೆಯ ಸಂಪರ್ಕ ತೆಗೆಯಲು ಹೋದಾಗ ಆತ ತಲೆಗೆ ಪಿಸ್ತೂಲು ಹಿಡಿದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಬಡವರಿಗೆ ಸಂಪರ್ಕದ ವೆಚ್ಚದಲ್ಲಿ ರಿಯಾಯಿತಿ ಕೊಟ್ಟರು. ಹದಿನೈದು ವರ್ಷದಲ್ಲಿ ಆ ಶೇ 72 ಸುಮಾರು ಶೇ 6ಕ್ಕೆ ಇಳಿಯಿತು, ನೀರು ಇಪ್ಪತ್ತನಾಲ್ಕು ಗಂಟೆ ಬಂತು. 2006ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನೋಮ್ ಪೆನ್ ಬೆಂಗಳೂರಿಗಿಂತ ಬಹಳ ಚಿಕ್ಕದು, ನದಿಯ ದಡದಲ್ಲೇ ಇದೆ. ಒಳಚರಂಡಿಯ ಹೊಣೆ ಅವರ ಮೇಲಿರಲಿಲ್ಲ. ಅದನ್ನೆಲ್ಲ ಕಳೆದರೂ ಒಂದು ಪಾಠ ಉಳಿಯುತ್ತದೆ. ದೊಡ್ಡವರ ಮನೆಯ ನಲ್ಲಿಗೂ ಮೀಟರ್ ಇದ್ದರೆ ಸಣ್ಣವರು ತಾವಾಗಿ ಬಿಲ್ಲು ಕಟ್ಟುತ್ತಾರೆ.

ನೆಲದಡಿಯವರು

ಒಳಚರಂಡಿಯ ಕಥೆಯಲ್ಲಿ ಮನುಷ್ಯರ ಪ್ರಾಣದ ಲೆಕ್ಕವೂ ಇದೆ. ಮ್ಯಾನ್‌ಹೋಲಿನಲ್ಲಿ ಕೊಳೆತ ಕೊಳಚೆಯಿಂದ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಅನಿಲಗಳು ಹುಟ್ಟುತ್ತವೆ. ಇಳಿದವನು ಎರಡು ಉಸಿರಿನಲ್ಲಿ ಬೀಳುತ್ತಾನೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ನಮ್ಮ ಜಿಲ್ಲೆಯ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಈ ಅನಿಷ್ಟದ ವಿರುದ್ಧ ಹೋರಾಟ ಆರಂಭಿಸಿದ್ದು ಗಣಿ ಕಾಲೊನಿಯ ಒಣ ಶೌಚಾಲಯಗಳಿಂದ. ಅವರ ಸಫಾಯಿ ಕರ್ಮಚಾರಿ ಆಂದೋಲನ ಸುಪ್ರೀಂ ಕೋರ್ಟಿಗೆ ಹೋಯಿತು. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂದವು. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಎಂದು ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ವಿಲ್ಸನ್ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಈಗ ಜೆಟ್ಟಿಂಗ್ ಯಂತ್ರಗಳಿವೆ. ಯಂತ್ರ ಇದ್ದೂ ಮನುಷ್ಯನನ್ನು ಇಳಿಸುವ ಗುತ್ತಿಗೆದಾರ ಎಲ್ಲಿಯವರೆಗೆ ಇರುತ್ತಾನೋ ಅಲ್ಲಿಯವರೆಗೆ ಅಂಥ ಸಂಸ್ಥೆಗಳ ಮುಖ್ಯಸ್ಥರ ಮೊದಲ ಕರ್ತವ್ಯ ಇದನ್ನು ತಡೆಯುವುದೇ ಆಗಿರುತ್ತದೆ.

ಕೊಳಚೆ ಹರಿದ ದಾರಿ

ಬೆಂಗಳೂರು ಒಂದು ದಿಣ್ಣೆಯ ಮೇಲೆ ಕೂತ ಊರು. ಪಡುವಣಕ್ಕೆ ಬಿದ್ದ ನೀರು ವೃಷಭಾವತಿ, ಅರ್ಕಾವತಿಯ ಮೂಲಕ ಕಾವೇರಿಗೆ ಸೇರುತ್ತದೆ. ಮೂಡಣಕ್ಕೆ ಬಿದ್ದದ್ದು ಕೋರಮಂಗಲ-ಚಲ್ಲಘಟ್ಟ ಕಣಿವೆ ಮತ್ತು ಹೆಬ್ಬಾಳ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಚರಂಡಿಯ ದೊಡ್ಡ ಕೊಳವೆಗಳೂ ಈ ಕಣಿವೆಗಳನ್ನೇ ಹಿಡಿದಿವೆ. ಶುದ್ಧೀಕರಣ ಘಟಕಗಳ ಸಾಮರ್ಥ್ಯಕ್ಕಿಂತ ಕೊಳಚೆ ವೇಗವಾಗಿ ಬೆಳೆದ ಕಾರಣ ಬಹಳಷ್ಟು ನೇರವಾಗಿ ಕೆರೆಗಳಿಗೆ ಇಳಿಯಿತು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನೂ, 2017ರಲ್ಲಿ ಮತ್ತು 2018ರಲ್ಲಿ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡದ್ದನ್ನೂ ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು.

ಆ ಹೊತ್ತಿಗೆ ನಮ್ಮ ಜಿಲ್ಲೆಯ ಸ್ಥಿತಿ ಹೇಗಿತ್ತು? ನಿತ್ಯ ಹರಿಯುವ ನದಿಯಿಲ್ಲ. ಪಾಲಾರ್, ಪಿನಾಕಿನಿಗಳು ನಕ್ಷೆಯಲ್ಲಿ ಮಾತ್ರ ಹರಿಯುತ್ತಿದ್ದವು. ಕೆರೆಗಳು ಹೂಳು ತುಂಬಿ ಜಾಲಿ ಬೆಳೆದಿದ್ದವು. ಕೊಳವೆಬಾವಿ ಸಾವಿರದೈನೂರು ಅಡಿ ಇಳಿದರೂ ಬರೀ ದೂಳು ಬರುತ್ತಿತ್ತು. ನೀರು ಬಂದರೆ ಫ್ಲೋರೈಡ್. ಬೇಡವೆನ್ನುವ ಕೊಳಚೆ ಒಂದು ಕಡೆ, ಹನಿ ನೀರಿಗೆ ಬಾಯಿ ಬಿಡುವ ಜಿಲ್ಲೆ ಇನ್ನೊಂದು ಕಡೆ. ಇವೆರಡನ್ನೂ ಜೋಡಿಸಿದ್ದು ಕೆ.ಸಿ. ವ್ಯಾಲಿ ಯೋಜನೆ. ಶುದ್ಧೀಕರಣ ಜಲಮಂಡಳಿಯ ಹೊಣೆ, ಸಾಗಿಸುವುದು ಸಣ್ಣ ನೀರಾವರಿ ಇಲಾಖೆಯ ಹೊಣೆ. ದಿನಕ್ಕೆ 44 ಕೋಟಿ ಲೀಟರ್ ನೀರಿನಿಂದ 126 ಕೆರೆ ತುಂಬಿಸುವ ಗುರಿ. 2018ರ ಜೂನ್‌ನಲ್ಲಿ ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಅದನ್ನು ನೋಡಲು ಜನ ಜಾತ್ರೆಯಂತೆ ಸೇರಿದರು. ಕೆಲವೇ ವಾರಗಳಲ್ಲಿ ನೀರಿನಲ್ಲಿ ನೊರೆ ಕಂಡಿತು. ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ನೀರು ನಿಂತು, ಮತ್ತೆ ಹರಿಯಿತು.

ಅಂದಿನಿಂದ ಊರಿನಲ್ಲಿ ಎರಡು ಮಾತಿವೆ. ಎರಡರಲ್ಲೂ ಸತ್ಯವಿದೆ. ಕೆರೆ ತುಂಬಿದೆ. ಬತ್ತಿದ್ದ ತೆರೆದ ಬಾವಿಗಳಲ್ಲಿ ನೀರು ಕಾಣಿಸಿದೆ. ಕೊಳವೆಬಾವಿಗಳು ಮರಳಿ ಜೀವ ಪಡೆದಿವೆ. ಟೊಮೆಟೊ, ಹಿಪ್ಪುನೇರಳೆ ಬೆಳೆಯುವವರು ಬದುಕಿಕೊಂಡಿದ್ದಾರೆ. ಅಂತರ್ಜಲ ಏರಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರೂ ದಾಖಲಿಸಿದ್ದಾರೆ. ಹಾಗೆಯೇ, ಬರುತ್ತಿರುವುದು ಎರಡನೇ ಹಂತದವರೆಗೆ ಮಾತ್ರ ಶುದ್ಧವಾದ ನೀರು. ಮೊದಲ ಹಂತದಲ್ಲಿ ಗಸಿ ತಳಕ್ಕೆ ಇಳಿಯುತ್ತದೆ. ಎರಡನೆಯದರಲ್ಲಿ ಗಾಳಿ ಊದಿ, ಬ್ಯಾಕ್ಟೀರಿಯಾಗಳಿಂದ ಕೊಳೆಯನ್ನು ತಿನ್ನಿಸುತ್ತಾರೆ. ಮೂರನೇ ಹಂತದಲ್ಲಿ ಸೋಸಿ, ಉಳಿದ ಸಾರಜನಕ, ರಂಜಕಗಳನ್ನು ತೆಗೆದು, ರೋಗಾಣುಗಳನ್ನು ಕೊಲ್ಲಬೇಕು. ಜಿಲ್ಲೆಯ ಜನ ಕೇಳುತ್ತಿರುವುದು ಈ ಮೂರನೇ ಹಂತವನ್ನು. ಈ ನೀರು ಕೆರೆ ತುಂಬಿ ಅಂತರ್ಜಲ ಸೇರಲಿಕ್ಕೆ ಮಾತ್ರ, ನೇರವಾಗಿ ಕುಡಿಯಲು ಅಲ್ಲ, ಹೊಲಕ್ಕೆ ಹಾಯಿಸಲೂ ಅಲ್ಲ ಎಂಬ ನಿಯಮವಿದೆ. ಆದರೆ ನೆಲದಡಿಯ ನೀರಿಗೆ ಬೇಲಿ ಇಲ್ಲ. ಕೆರೆಗೆ ಬಂದದ್ದು ನಾಳೆ ನಮ್ಮ ಕೊಡಕ್ಕೂ ಬರುತ್ತದೆ.

ಕೊನೆಯ ಗದ್ದೆಯವರು

ಇಲ್ಲಿಗೆ ನನ್ನ ಮುಖ್ಯ ಮಾತು. ಜಲಮಂಡಳಿಯ ಕಾಯ್ದೆ 1964ರಲ್ಲಿ ಬರೆದದ್ದು, ಬೆಂಗಳೂರಿಗಾಗಿ ಬರೆದದ್ದು. ಅದರ ಗ್ರಾಹಕರೆಂದರೆ ಬಿಲ್ಲು ಕಟ್ಟುವ ನಗರದವರು. ನೀರು ಬಾರದಿದ್ದರೆ ಅವರು ಕಾವೇರಿ ಭವನಕ್ಕೆ ದೂರು ಕೊಡಬಹುದು. ನಾವು ಬಿಲ್ಲು ಕಟ್ಟುವವರಲ್ಲ, ಆ ಪುಸ್ತಕದಲ್ಲಿ ನಮ್ಮ ಹೆಸರಿಲ್ಲ. ಆದರೂ ಬೆಂಗಳೂರಿನ ಘಟಕದಲ್ಲಿ ಒಂದು ರಾತ್ರಿ ಗಾಳಿ ಊದುವ ಯಂತ್ರ ನಿಂತರೆ ಅದರ ಫಲ ನಮ್ಮ ಕೆರೆಗೆ ಬರುತ್ತದೆ. ಊರ ನೀರುಗಂಟಿಯ ಲೆಕ್ಕದಲ್ಲಿ ತೂಬಿನ ಪಕ್ಕದ ಗದ್ದೆಗೂ ಅಚ್ಚುಕಟ್ಟಿನ ಕೊನೆಯ ಗದ್ದೆಗೂ ಒಂದೇ ಬೆಲೆ. ಮಹಾನಗರದ ಅಚ್ಚುಕಟ್ಟು ಇಂದು ಕೋಲಾರದವರೆಗೆ ಚಾಚಿದೆ. ಆ ಕೊನೆಯ ಗದ್ದೆಯವರು ನಾವು.

2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕಾವೇರಿ ತೀರ್ಪು ಕೊಟ್ಟಾಗ ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಟಿಎಂಸಿ ಅಡಿ ಹೆಚ್ಚುವರಿಯಾಗಿ ಕೊಟ್ಟಿತು. ನಗರದ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂಬ ಹಳೆಯ ಲೆಕ್ಕವನ್ನು ಅದು ಒಪ್ಪಲಿಲ್ಲ. ಕುಡಿಯುವ ನೀರಿನ ಹಕ್ಕಿಗೆ ಕಣಿವೆಯ ಗಡಿ ಅಡ್ಡ ಬರಬಾರದು ಎಂಬುದು ಅದರ ಅರ್ಥ. ಹಾಗಾದರೆ ಬಳಸಿದ ನೀರಿನ ಹೊಣೆಗೂ ನಗರದ ಗಡಿ ಅಡ್ಡ ಬರಬಾರದು.

ಇದಕ್ಕೆ ದೊಡ್ಡ ಕ್ರಾಂತಿ ಬೇಕಿಲ್ಲ. ಶುದ್ಧೀಕರಣ ಘಟಕದಿಂದ ಹೊರಡುವ ನೀರಿನ ಪರೀಕ್ಷಾ ವರದಿಯನ್ನು ಪ್ರತಿ ವಾರ ಕೆರೆ ಇರುವ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಹಾಕಲಿ. ಮಂಡಳಿಯ ಸಭೆಯಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಮಾತು ಹೇಳುವ ಒಬ್ಬರಿಗೆ ಕುರ್ಚಿ ಇರಲಿ. ಮೂರನೇ ಹಂತದ ಶುದ್ಧೀಕರಣಕ್ಕೆ ದಿನಾಂಕ ಗೊತ್ತಾಗಲಿ. ನಮ್ಮ ಕಡೆಯಿಂದಲೂ ಮಾಡಬೇಕಾದ್ದಿದೆ. ಕೆರೆಯ ನೀರನ್ನು ನೇರವಾಗಿ ಮೋಟಾರಿಟ್ಟು ಎತ್ತುವುದು ನಿಲ್ಲಬೇಕು. ರಾಜಕಾಲುವೆಯ ಒತ್ತುವರಿ ಬಿಡಬೇಕು. ಬಂದ ನೀರನ್ನೆಲ್ಲ ಒಂದೇ ಬೇಸಿಗೆಯಲ್ಲಿ ಬೋರ್‌ವೆಲ್‌ಗಳಿಂದ ಹೀರಿ ಮುಗಿಸಿದರೆ ಬೆಂಗಳೂರನ್ನು ದೂರುವ ಹಕ್ಕು ನಮಗೆ ಉಳಿಯುವುದಿಲ್ಲ.

ಶಾಲೆಗೂ ಇದರಲ್ಲಿ ಪಾಲಿದೆ. ನಮ್ಮ ವಿಜ್ಞಾನ ಪ್ರಯೋಗಾಲಯದಲ್ಲಿ ನೀರಿನ ಆಮ್ಲತೆ, ನೈಟ್ರೇಟ್, ಫ್ಲೋರೈಡ್ ನೋಡುವ ಸಣ್ಣ ಪರೀಕ್ಷಾ ಪೆಟ್ಟಿಗೆಯನ್ನು ಹಳೆಯ ವಿದ್ಯಾರ್ಥಿಗಳ ಸಂಘ ಕೊಡಿಸಬಹುದು. ಒಂಬತ್ತನೇ ತರಗತಿಯ ಮಕ್ಕಳು ತಿಂಗಳಿಗೊಮ್ಮೆ ಕೆರೆಯ ನೀರನ್ನೂ, ಊರಿನ ನಾಲ್ಕು ಬಾವಿಗಳ ನೀರನ್ನೂ ಪರೀಕ್ಷಿಸಿ, ನೀರಿನ ಮಟ್ಟ ಅಳೆದು, ದಿನಾಂಕ ಹಾಕಿ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಲಿ. ಮಕ್ಕಳು ಬದಲಾಗುತ್ತಾರೆ, ಮೇಷ್ಟ್ರು ವರ್ಗವಾಗುತ್ತಾರೆ, ಪುಸ್ತಕ ಶಾಲೆಯಲ್ಲೇ ಇರಲಿ. ಹತ್ತು ವರ್ಷದ ಅಂಥ ಲೆಕ್ಕ ಕೈಯಲ್ಲಿದ್ದರೆ ಯಾವ ಅಧ್ಯಕ್ಷರ ಮುಂದೆ ಬೇಕಾದರೂ ಈ ಹಳ್ಳಿ ತಲೆಯೆತ್ತಿ ಮಾತಾಡಬಹುದು. ಶತಮಾನೋತ್ಸವದ ಸಂಚಿಕೆಗೆ ಇತಿಹಾಸ ಬರೆಯುವವರಿಗೂ ಆ ಪುಸ್ತಕ ಬೇಕಾಗುತ್ತದೆ.